ಹಗ್ಗದಕ್ಕನ ಗಂಟು

ಅತ್ತಿಗೆ ಕಟ್ಟಿದ ಗಂಟು ಒಂದೇ ಎಳೆತಕ್ಕೆ ಬಿಚ್ಚಿಕೊಂಡಿತು. ಹಗ್ಗದಕ್ಕನಿಗೆ ನಗು ಬಂತು, ನಗುವಿನ ಬೆನ್ನಿಗೇ ಸಿಟ್ಟೂ ಬಂತು. ಪಕ್ಕದಲ್ಲಿ ನಿಲ್ಲಿಸಿಕೊಂಡು ಅಷ್ಟು ಕಲಿಸಿದ್ದರೂ ಹಗ್ಗದ ತುದಿಯನ್ನು ಹಾಗೇ ಹೊರಗೆ ಇಳಿಬಿಟ್ಟಿದ್ದಾಳೆ ಮಹಾರಾಯ್ತಿ! ಪಾರ್ಕಿನ ಈ ಮೂಲೆಯಲ್ಲಿ ಯಾರೂ ಇರಲಿಲ್ಲ. ದೂರದ ಶೆಡ್ಡಿನಿಂದ ಮಕ್ಕಳ ಗಲಾಟೆ ಕೇಳುತ್ತಿತ್ತು. ಅಲ್ಲಿ ಉದುರಿದ ಎಲೆಗಳಿಗೆ ಬಣ್ಣ ಬಳಿದು ಕಾಗದದ ಮೇಲೆ ಅಚ್ಚು ಒತ್ತುವ ಸಂಭ್ರಮ. ಅದಾದ ಮೇಲೆ ಹಗ್ಗದ ನಡಿಗೆ. ಅಷ್ಟರೊಳಗೆ ಅವಳ ಕೆಲಸ ಮುಗಿಯಬೇಕಿತ್ತು.

ಎಲೆ ಉದುರುವ ಕಾಲದಲ್ಲಿ ಪ್ರತಿ ಭಾನುವಾರ ಈ ಪಾರ್ಕಿನಲ್ಲಿ ಮಕ್ಕಳಿಗೂ ಹೆತ್ತವರಿಗೂ ಸೇರಿ ಕಾರ್ಯಕ್ರಮ ಇರುತ್ತದೆ. ಹಕ್ಕಿ ನೋಡುವುದು, ಬೀಜ ಆರಿಸುವುದು, ಎಲೆಯ ಅಚ್ಚು ಹೀಗೆ ಏನೇನೋ. ಆದರೆ ಜನ ಬರುತ್ತಿದ್ದುದು ಹಗ್ಗದ ನಡಿಗೆಗೆ. ಮರದಿಂದ ಮರಕ್ಕೆ ಮಕ್ಕಳ ಎದೆಮಟ್ಟಕ್ಕೆ ಹಗ್ಗ ಕಟ್ಟಿರುತ್ತಾರೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಒಂದು ಕೈಯನ್ನು ಹಗ್ಗದ ಮೇಲಿಟ್ಟು, ಇನ್ನೊಂದು ಕೈಯಲ್ಲಿ ತೊಗಟೆ, ಪಾಚಿ, ಎಲೆ ಎಲ್ಲವನ್ನೂ ತಡವುತ್ತ ಕಾಡಿನೊಳಗೆ ಹೋದಹಾಗೆ ಹೋಗಬೇಕು. ಮನೆಯಲ್ಲಿ ಒಂದು ಕಡೆ ಕೂರದ ಹುಡುಗರೂ ಇಲ್ಲಿ ಬಾಯಿಗೆ ಬೀಗ ಹಾಕಿಕೊಂಡು ನಡೆಯುತ್ತಿದ್ದರು. ಅದನ್ನು ಶುರು ಮಾಡಿದವಳು ಇವಳು. ಅದಕ್ಕೇ ಮಕ್ಕಳು ಇವಳಿಗೆ ಹಗ್ಗದಕ್ಕ ಎಂದು ಹೆಸರಿಟ್ಟಿದ್ದು. ದೊಡ್ಡವರೂ ಹಾಗೇ ಕರೆಯತೊಡಗಿ ಹುಟ್ಟಿದ ಹೆಸರು ಮೂಲೆಗೆ ಬಿದ್ದಿತ್ತು.

ಹಗ್ಗ ಕಟ್ಟುವುದನ್ನು ಅವಳಿಗೆ ಕಲಿಸಿದ್ದು ಅಪ್ಪ. ಲಾರಿಗಳಿಗೆ ಸರಕು ಹೇರಿ ಹಗ್ಗ ಬಿಗಿಯುವುದೇ ಅವನ ಜೀವನವಾಗಿತ್ತು. ಮರಕ್ಕೆ ಎರಡು ಸುತ್ತು, ಒಂದು ಕುಣಿಕೆ, ಉಳಿದ ತುದಿಯನ್ನು ಸುತ್ತಿನ ಒಳಗೆ ತೂರಿಸಿ ಹೆಬ್ಬೆರಳಿನಿಂದ ಅದುಮಿಬಿಡುವುದು. "ಬಾಲ ಒಳಗಿರ್ಬೇಕು ಮಗಳೇ, ಹೊರಗಿದ್ರೆ ಯಾರದಾದ್ರೂ ಕೈಗೆ ಸಿಕ್ಕೊಳತ್ತೆ" ಎನ್ನುತ್ತಿದ್ದ. ಕಣ್ಣು ಕಟ್ಟಿಕೊಂಡ ಮಕ್ಕಳ ಬೆರಳು ಹರಿಯುವ ಜಾಗ ಅದು, ನುಣ್ಣಗಿರಬೇಕು ಎಂದು ಅವಳೂ ಆ ಒಂದು ವಿಷಯದಲ್ಲಿ ಬಲು ಕಟ್ಟುನಿಟ್ಟು. ಅಣ್ಣನ ಹೆಂಡತಿ ಮನೆಯಲ್ಲಿ ಕೂತು ಬೇಜಾರು ಎಂದಾಗ ಕೈಹಿಡಿದು ಪಾರ್ಕಿನ ಕೆಲಸಕ್ಕೆ ಕರೆತಂದವಳೂ ಇವಳೇ. ಅತ್ತಿಗೆ ಮಾತಿನಲ್ಲಿ ಎತ್ತಿದ ಕೈ. ಬಂದವರನ್ನು ನಗಿಸುವುದು, ಫೋಟೋ ತೆಗೆಯುವುದು, ಅಧಿಕಾರಿಗೆ ಸಲಾಮು ಹೊಡೆಯುವುದು ಎಲ್ಲ ಅವಳಿಗೆ ನೀರು ಕುಡಿದಷ್ಟು ಸುಲಭ. ಗಂಟು ಮಾತ್ರ ಬರಲಿಲ್ಲ.

ಹೋದ ವರ್ಷ ಹಗ್ಗದಕ್ಕ ಕಣ್ಣಿನ ಬಟ್ಟೆಗಳನ್ನು ತರಲು ಶೆಡ್ಡಿಗೆ ಹೋಗಿದ್ದಾಗ ಅತ್ತಿಗೆ ಒಂದು ಕಡೆಯ ಹಗ್ಗ ಬಿಚ್ಚಿ ಕೆಂಪು ಎಲೆಯ ಮರಕ್ಕೆ ಕಟ್ಟಿದ್ದಳು. ಅಲ್ಲಾದರೆ ಫೋಟೋ ಚೆನ್ನಾಗಿ ಬರುತ್ತದಂತೆ. ಆ ಮರದ ಪಕ್ಕದಲ್ಲೇ ಕಲ್ಲಿನ ಮೆಟ್ಟಿಲು. ಜೋತುಬಿದ್ದ ತುದಿಗೆ ಒಬ್ಬ ಹುಡುಗನ ಬೆರಳು ಸಿಕ್ಕಿಕೊಂಡಿತು. ಬಿಡಿಸಿಕೊಳ್ಳಲು ಜಗ್ಗಿದ, ಆಯ ತಪ್ಪಿದ, ಮೆಟ್ಟಿಲ ಮೇಲೆ ಉರುಳಿದ. ಕೈ ಮುರಿಯಿತು. ಅವನನ್ನು ಬಿಡಿಸುವ ಗಡಿಬಿಡಿಯಲ್ಲಿ ಯಾರೋ ಹಗ್ಗವನ್ನೂ ಬಿಚ್ಚಿ ಎಸೆದಿದ್ದರು.

ಅಧಿಕಾರಿಯ ಕೋಣೆಯಲ್ಲಿ ಇಬ್ಬರನ್ನೂ ನಿಲ್ಲಿಸಿದರು. "ಹಗ್ಗ ಕಟ್ಟೋದು ಯಾವಾಗ್ಲೂ ಇವಳೇ ಸರ್" ಎಂದಳು ಅತ್ತಿಗೆ.

"ಆ ಗಂಟು ನಂದಲ್ಲ ಸರ್" ಎಂದಳು ಹಗ್ಗದಕ್ಕ. "ನಾನು ಕಟ್ಟಿದ್ರೆ ತುದಿ ಹೊರಗಿರಲ್ಲ. ಅತ್ತಿಗೆಗೆ ಗೊತ್ತು, ಕೇಳಿ."

ಅತ್ತಿಗೆ ಅವಳ ಮುಖವನ್ನೇ ನೋಡದೆ ಹೇಳಿದಳು: "ಗಂಟಲ್ಲಿ ನಂದು ನಿಂದು ಅಂತ ಇರುತ್ತಾ ಸರ್? ಎಲ್ಲಾ ಗಂಟೂ ಒಂದೇ. ನಂಗಂತೂ ವ್ಯತ್ಯಾಸ ಗೊತ್ತಾಗಲ್ಲಪ್ಪ."

ಅಷ್ಟೇ. ಗೂಬೆ ಕೂರಿಸುವ ಕೆಲಸ ಅಷ್ಟು ನಾಜೂಕಾಗಿ ಮುಗಿಯಿತು. ಹಗ್ಗದಕ್ಕ ಕೆಲಸ ಬಿಟ್ಟಳು, ಅಂದರೆ ಬಿಡಿಸಿದರು. ಈಗ ಪರದೆ ಹೊಲಿಯುವ ಅಂಗಡಿಯೊಂದರಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುತ್ತಾಳೆ. ಅಲ್ಲಿಗೂ ಒಮ್ಮೆ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದಿದ್ದಳು. ಹುಡುಗಿ "ಹಗ್ಗದಕ್ಕಾ!" ಎಂದು ಓಡಿ ಬರುವಷ್ಟರಲ್ಲಿ ತಾಯಿ ಅವಳ ತೋಳು ಹಿಡಿದು ಹಿಂದಕ್ಕೆಳೆದು, "ಆ ಹುಡುಗನ ಕೈ ಮುರಿದಿದ್ದು ಇವಳೇ ಕಣೆ" ಎಂದಳು. ಪಿಸುಮಾತಲ್ಲಿಯೇ ಹೇಳಿದಳು, ಆದರೆ ಪಿಸುಮಾತು ಕೇಳಿಸುವಷ್ಟು ಅಂಗಡಿ ಚಿಕ್ಕದು. ಅವತ್ತು ಹೊಲಿದ ಪರದೆ ಅಂಕುಡೊಂಕಾಯಿತು.

ಮೊನ್ನೆ ಅಣ್ಣ ಫೋನ್ ಮಾಡಿದ್ದ. "ಭಾನುವಾರ ನಿನ್ನತ್ತಿಗೆಗೆ ಕಾರ್ಯಕ್ರಮ, ನಂಗೆ ಡ್ಯೂಟಿ. ನಮ್ಮ ಪುಟ್ಟೀನ ನೀನೇ ಪಾರ್ಕಿಗೆ ಕರ್ಕೊಂಡು ಹೋಗ್ತೀಯಾ? ಹಳೇದೆಲ್ಲ ಬಿಟ್ಟುಬಿಡೇ ತಂಗಿ. ಎಷ್ಟು ದಿನ ಅಂತ ಮುಖ ಊದಿಸ್ಕೊಂಡಿರ್ತೀಯ?"

ಮುಖ ಊದಿಸಿಕೊಂಡಿದ್ದಾಳಂತೆ! ಅಣ್ಣನಿಗೆ ಇದೆಲ್ಲ ಅಡುಗೆಮನೆಯ ಮುನಿಸಿನ ಹಾಗೆ ಕಾಣುತ್ತಿತ್ತು. "ಆಯ್ತಣ್ಣ, ಕರ್ಕೊಂಡು ಹೋಗ್ತೀನಿ" ಎಂದಳು. ಫೋನ್ ಇಟ್ಟ ಮೇಲೆ ತನ್ನ ದನಿ ಅಷ್ಟು ಮೆತ್ತಗೆ ಬಂದದ್ದಕ್ಕೆ ಅವಳಿಗೇ ಸೋಜಿಗವಾಯಿತು. ಆ ಹೊತ್ತಿಗಾಗಲೇ ಸೇಡಿನ ದಾರಿ ಹೊಳೆದಿತ್ತು.

ದಾರಿ ಬಹಳ ಸರಳವಾಗಿತ್ತು. ಮೂರು ಕವಲಿನ ಮರದ ತನಕ ಹಗ್ಗ ಹೇಗಿದೆಯೋ ಹಾಗೇ ಇರಲಿ. ಅಲ್ಲಿಂದ ಬಲಕ್ಕೆ ಬೆಂಚಿನ ಕಡೆ ಹೋಗುವ ಹಗ್ಗವನ್ನು ಎಡಕ್ಕೆ ತಿರುಗಿಸಿ, ಕೊಳದ ಆಚೆಬದಿಯ ವಾಲಿದ ಮರಕ್ಕೆ ಕಟ್ಟಿದರೆ ಆಯಿತು. ಕೊಳ ಬತ್ತಿ ನಡುವೆ ಬರೀ ಕೆಸರು. ಈ ಕಾಲದಲ್ಲಿ ಅದರ ಮೇಲೆ ಎಲೆಗಳು ಹಾಸಿಕೊಂಡು, ಗೊತ್ತಿಲ್ಲದವರ ಕಣ್ಣಿಗೆ ಗಟ್ಟಿ ನೆಲದ ಹಾಗೇ ಕಾಣುತ್ತದೆ. ಮುಳುಗುವಷ್ಟು ಆಳವಿಲ್ಲ, ಮರ್ಯಾದೆ ಕಳೆಯುವಷ್ಟು ಇದೆ. ಮಕ್ಕಳು ಹೋಗಿ ಬೀಳಲಿ ಎಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಬೀಳಬೇಕಾದವಳು ಒಬ್ಬಳೇ. ಎಲ್ಲರೆದುರು ಬೀಳಬೇಕು, ಆಮೇಲೆ ಎದ್ದು ತನ್ನ ಹಗ್ಗ ತನ್ನನ್ನೇ ಎಲ್ಲಿಗೆ ತಂದಿತೆಂದು ಎಲ್ಲರಿಗೂ ಹೇಳಬೇಕು.

ಹಗ್ಗದಕ್ಕ ಮೂರು ಕವಲಿನ ಮರಕ್ಕೆ ಹಗ್ಗವನ್ನು ಸುತ್ತಿ ಕಟ್ಟಿದಳು. ಕಲ್ಲುಗಳ ಮೇಲೆ ಕಾಲಿಡುತ್ತ ಕೊಳವನ್ನು ಬಳಸಿ ಹೋಗಿ ವಾಲಿದ ಮರಕ್ಕೂ ಕಟ್ಟಿದಳು. ಅತ್ತಿಗೆ ಕಟ್ಟುವ ಹಾಗೆಯೇ ಕಟ್ಟಬೇಕು, ಯಾರಿಗೂ ಅನುಮಾನ ಬರಬಾರದು ಎಂದು ಮನೆಯಿಂದಲೇ ಯೋಚಿಸಿಕೊಂಡು ಬಂದಿದ್ದಳು. ಆದರೆ ಕಿವಿ ಶೆಡ್ಡಿನ ಕಡೆಗೇ ಇತ್ತು, ಕೈಯ ಕಡೆ ಗಮನವಿರಲಿಲ್ಲ. ಕೆಲಸ ಮುಗಿಸಿ, ಕೈ ಒರೆಸಿಕೊಂಡು, ಏನೂ ಅರಿಯದವಳ ಹಾಗೆ ಶೆಡ್ಡಿಗೆ ಬಂದಳು.

"ಅತ್ತೇ, ನೋಡು ನನ್ನೆಲೆ!" ಪುಟ್ಟಿ ಕಾಗದ ಎತ್ತಿ ತೋರಿಸಿದಳು. ಎಲೆಗಿಂತ ಹೆಚ್ಚಿನ ಬಣ್ಣ ಅವಳ ಮೂಗಿನ ಮೇಲಿತ್ತು. ಹಗ್ಗದಕ್ಕ ಸೆರಗಿನಿಂದ ಅದನ್ನು ಒರೆಸಿದಳು.

ಅತ್ತಿಗೆ ಕೊರಳಲ್ಲಿ ಸೀಟಿ ತೂಗಿಸಿಕೊಂಡು ಎಲ್ಲರನ್ನೂ ಹಗ್ಗದ ಮೊದಲ ಮರದ ಹತ್ತಿರ ಸೇರಿಸಿದಳು. ನಾದಿನಿಯನ್ನು ಕಂಡು, "ಬಂದ್ಯಾ? ಒಳ್ಳೇದಾಯ್ತು" ಎಂದು ಹಲ್ಲು ಕಿರಿದಳು. ಅಧಿಕಾರಿಯೂ ಅಪರೂಪಕ್ಕೆ ಕೋಣೆ ಬಿಟ್ಟು ಬಂದು ಬೆಚ್ಚನೆಯ ಕೋಟಿನ ಜೇಬಿಗೆ ಕೈ ಇಳಿಬಿಟ್ಟು ನಿಂತಿದ್ದರು. ಹಿಂದಿನ ಸಾಲಿನಲ್ಲಿ ಹೋದ ವರ್ಷದ ಆ ಹುಡುಗನೂ ಅವನ ತಾಯಿಯೂ ಇದ್ದರು. ಹುಡುಗನಿಗೆ ತನ್ನ ಸರದಿ ಬಂದರೆ ಸಾಕಾಗಿತ್ತು. ತಾಯಿಗೆ ಮಾತ್ರ ಇನ್ನೂ ಧೈರ್ಯವಿಲ್ಲ.

"ಹಗ್ಗ ಸರಿಯಾಗಿದೆ ತಾನೇ?" ಎಂದು ಕೇಳಿದಳು.

"ಈ ಸಲ ಎಲ್ಲಾ ನಾನೇ ಕಟ್ಟಿದೀನಿ, ಹೆದರ್ಕೋಬೇಡಿ" ಎಂದಳು ಅತ್ತಿಗೆ. ನಾದಿನಿಯ ಕಡೆ ಒಮ್ಮೆ ಕಣ್ಣು ಹಾಯಿಸಿಯೇ ಹಾಗೆಂದಳು. ಹಗ್ಗದಕ್ಕನ ಮೈಯೆಲ್ಲ ಉರಿಯಿತು. ಇಂಥ ಮಾತಿಗೇ ಅವಳು ಕಾದಿದ್ದಳು ಕೂಡ.

"ಕಟ್ಟಿದವರು ಮೊದ್ಲು ಕಣ್ಣು ಕಟ್ಕೊಂಡು ನಡೀಬೇಕು ಅಲ್ವಾ ಅತ್ತಿಗೆ?" ಎಂದಳು ಎಲ್ಲರಿಗೂ ಕೇಳುವ ಹಾಗೆ. "ಮೊದಲಿಂದ್ಲೂ ನಾವು ಹಾಗೇ ಮಾಡ್ಕೊಂಡು ಬಂದಿದ್ದು. ಆಮೇಲೇ ಮಕ್ಕಳನ್ನ ಬಿಡ್ತಿದ್ದಿದ್ದು."

"ಈಗ ಅದಕ್ಕೆಲ್ಲಾ ಟೈಮೆಲ್ಲಿದೆ?"

"ನಡೀಲಿ ಬಿಡಿ, ಅವರಿಗೂ ಸಮಾಧಾನ" ಎಂದರು ಅಧಿಕಾರಿ, ತಾಯಿಯ ಕಡೆ ತಿರುಗಿ. ಮಕ್ಕಳು ಆಗಲೇ ಕುಣಿಯತೊಡಗಿದ್ದವು. ದೊಡ್ಡವರೊಬ್ಬರು ಕಣ್ಣು ಕಟ್ಟಿಕೊಂಡು ತಡವರಿಸುವುದನ್ನು ನೋಡುವುದಕ್ಕಿಂತ ಮಿಗಿಲಾದ ಮಜಾ ಅವಕ್ಕೆ ಬೇರೆ ಇಲ್ಲ. ಅತ್ತಿಗೆ ನಗುನಗುತ್ತಲೇ ಬಟ್ಟೆ ತೆಗೆದುಕೊಂಡು ಕಣ್ಣಿಗೆ ಕಟ್ಟಿಕೊಂಡಳು, ಕೈಯನ್ನು ಹಗ್ಗದ ಮೇಲಿಟ್ಟಳು.

ಜನ ಹಿಂದೆ ಹಿಂದೆ ಸಾಗಿದರು. ಎಲೆಗಳು ಕಾಲಡಿಯಲ್ಲಿ ಚರಚರ ಎನ್ನುತ್ತಿದ್ದವು. "ಹಗ್ಗ ಬಿಡಬೇಡಿ! ಹಗ್ಗ ಬಿಡಬೇಡಿ!" ಎಂದು ಮಕ್ಕಳು ಒಂದೇ ರಾಗದಲ್ಲಿ ಕೂಗುತ್ತಿದ್ದರು. ಅದೂ ಹಗ್ಗದಕ್ಕ ಕಲಿಸಿಕೊಟ್ಟ ಮಾತೇ. ಪುಟ್ಟಿ ಅವಳ ಕೈ ಹಿಡಿದುಕೊಂಡು ಎಲ್ಲರಿಗಿಂತ ಜೋರಾಗಿ ಕೂಗಿದಳು. ಅತ್ತಿಗೆ ಒಂದೊಂದು ಮರದ ಹತ್ತಿರವೂ ನಿಂತು, ತೊಗಟೆ ಸವರಿ, "ಆಹಾ, ಪಾಚಿ ಎಷ್ಟು ಮೆತ್ತಗಿದೆ!" ಎಂದು ಮಾತಿನ ಒಗ್ಗರಣೆ ಹಾಕುತ್ತ ಮೂರು ಕವಲಿನ ಮರದ ತನಕ ಬಂದಳು. ಅವಳ ಕೈ ಗಂಟಿನ ಮೇಲೆ ಹರಿದು ಗಕ್ಕನೆ ನಿಂತಿತು.

ಬೆರಳುಗಳು ಗಂಟಿನ ಸುತ್ತ ಆಡಿದವು. ಮೇಲೆ, ಕೆಳಗೆ, ಪಕ್ಕದಲ್ಲಿ ತುದಿಗಾಗಿ ಹುಡುಕಿದವು. ದೂರದಲ್ಲಿ ನಿಂತ ಹಗ್ಗದಕ್ಕನಿಗೆ ಆಗಲೇ ಕಂಡಿತು. ಎರಡು ಸುತ್ತು, ಒಂದು ಕುಣಿಕೆ, ಬಾಲ ಒಳಗೆ. ಸೇಡು ತೀರಿಸಿಕೊಳ್ಳಲು ಹೋದಾಗಲೂ ಹಾಳು ಕೈ ತನ್ನ ಬುದ್ಧಿ ಬಿಟ್ಟಿರಲಿಲ್ಲ.

"ಇದು ನಾನು ಕಟ್ಟಿದ್ದಲ್ಲ!" ಅತ್ತಿಗೆ ಕಿರುಚಿದಳು. "ಸರ್, ಇದು ಅವಳ ಗಂಟು. ಅವಳು ಹಗ್ಗ ಬದಲಾಯಿಸಿದಾಳೆ, ನನ್ನ ಬೀಳಿಸ್ಬೇಕು ಅಂತ್ಲೇ ಬಂದಿರೋದು!"

"ಅದು ನಿಮಗೆ ಹೇಗೆ ಗೊತ್ತು?" ಎಂದರು ಅಧಿಕಾರಿ.

"ಗೊತ್ತಾಗದೆ ಏನು ಸರ್? ಮುಟ್ಟಿದ್ರೇ ಗೊತ್ತಾಗತ್ತೆ. ತುದಿ ಹೊರಗೇ ಇಲ್ಲ ನೋಡಿ, ಒಳಗೆ ತೂರಿಸಿದಾಳೆ. ಹೀಗೆ ಕಟ್ಟೋದು ಅವಳೊಬ್ಬಳೇ. ಯಾವತ್ತೂ ಹೀಗೇ ಕಟ್ಟೋದು."

ಮಕ್ಕಳಿಗೂ ಏನೋ ಆಗಿದೆ ಎನಿಸಿ ಕೂಗು ನಿಂತಿತು. ಆಗ ಹಿಂದಿನಿಂದ ಹುಡುಗನ ತಾಯಿ ಮುಂದೆ ಬಂದಳು. ಮರದ ಹತ್ತಿರ ಹೋಗಿ ಗಂಟನ್ನು ಮುಟ್ಟಿ ನೋಡಿದಳು. ಆಮೇಲೆ ಮಗನ ಕೈಯನ್ನು ನೋಡಿದಳು.

"ನನ್ನ ಮಗನ ಬೆರಳು ಸಿಕ್ಕೊಂಡಿದ್ದು ಹೊರಗಡೆ ಜೋತಾಡ್ತಿದ್ದ ತುದಿಗೆ" ಎಂದಳು. "ನಾನೇ ಅಲ್ವಾ ಬಿಡಿಸಿದ್ದು."

ತನ್ನ ಎಡವಟ್ಟಿನಿಂದ ಸಿಕ್ಕಿಬಿದ್ದೆ ಎಂದುಕೊಂಡಿದ್ದ ಹಗ್ಗದಕ್ಕನಿಗೆ, ಸಿಕ್ಕಿಬಿದ್ದವರು ಯಾರೆಂದು ನಿಧಾನವಾಗಿ ತಲೆಗೆ ಹೋಯಿತು. ವರ್ಷವಿಡೀ ಗಂಟಲಲ್ಲಿ ಅಡಗಿ ಕೂತಿದ್ದ ಮಾತು ತಾನಾಗಿ ಹೊರಗೆ ಬಂತು.

"ಗಂಟಲ್ಲಿ ನಂದು ನಿಂದು ಅಂತ ಇರುತ್ತಾ ಅತ್ತಿಗೆ?"

ಅತ್ತಿಗೆಯ ಕೈ ಕಣ್ಣಿನ ಬಟ್ಟೆಯ ತನಕ ಹೋಯಿತು. ಬಟ್ಟೆ ತೆಗೆದರೆ ಎದುರಿಗೆ ಆ ತಾಯಿ, ಅಧಿಕಾರಿ, ಊರಿನ ಮಕ್ಕಳು, ತನ್ನ ಮಗಳು. ಕೈ ಬಟ್ಟೆಯನ್ನು ಬಿಚ್ಚದೆ ಕೆಳಗಿಳಿಯಿತು. ತಿರುಗಿ ಹಗ್ಗವನ್ನು ಹಿಡಿದು, ಯಾರಿಗೂ ಮುಖ ಕೊಡದೆ, ಹಗ್ಗ ಕರೆದೊಯ್ದ ಕಡೆಗೆ ನಡೆದಳು. ಎಡಕ್ಕೆ. ಬೆಂಚು ಬಲಕ್ಕಿದೆಯೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

ಕೆಸರಿದೆ ಎಂದು ಹೇಳಲು ಒಂದು ಮಾತು ಸಾಕಿತ್ತು. ಹಗ್ಗದಕ್ಕ ಹೇಳಲಿಲ್ಲ. ಈ ಹೆಜ್ಜೆಗಳನ್ನು ನೋಡಲೆಂದೇ ಬಂದಿದ್ದಳು, ಕಣ್ಣು ಮಿಟುಕಿಸದೆ ನೋಡಿದಳು. ಎಲೆಗಳ ಮೇಲಿಟ್ಟ ಮೊದಲ ಕಾಲು ಮೀನಖಂಡದ ತನಕ ಇಳಿಯಿತು, ಎರಡನೆಯದು ಮೊಣಕಾಲಿನ ತನಕ. ಅತ್ತಿಗೆ ಮುಗ್ಗರಿಸಿ ಎರಡೂ ಕೈಯಲ್ಲಿ ಹಗ್ಗಕ್ಕೆ ಜೋತುಬಿದ್ದಳು. ಒಂದು ಮಗು ಕಿಸಕ್ಕನೆ ನಕ್ಕು, ಬೇರೆ ಯಾರೂ ನಗದಿದ್ದುದನ್ನು ಕಂಡು ಸುಮ್ಮನಾಯಿತು.

"ಅಮ್ಮಾ!"

ಪುಟ್ಟಿ ಕೈ ಕೊಸರಿಕೊಂಡು ಓಡಿದಳು. ಕೆಸರಿನ ಅಂಚಿನಲ್ಲಿ ಯಾರೋ ಅವಳನ್ನು ಹಿಡಿದು ನಿಲ್ಲಿಸಿದರು. ಅಲ್ಲಿಂದ ಒಮ್ಮೆ ತಿರುಗಿ ಅತ್ತೆಯನ್ನು ನೋಡಿದಳು, ಮತ್ತೆ ಅಮ್ಮನ ಕಡೆ ತಿರುಗಿ, "ಹಗ್ಗ ಬಿಡ್ಬೇಡಮ್ಮಾ, ಹಗ್ಗ ಬಿಡ್ಬೇಡ" ಎಂದು ಅಳತೊಡಗಿದಳು.

ಅತ್ತಿಗೆ ಬಿಡಲಿಲ್ಲ. ಕಣ್ಣಿನ ಬಟ್ಟೆಯನ್ನು ಬಿಚ್ಚಲೂ ಇಲ್ಲ. ಕಾಲೆಳೆದುಕೊಳ್ಳಲು ಹಗ್ಗವನ್ನು ಜಗ್ಗಿದಾಗಲೆಲ್ಲ ಆಚೆಬದಿಯ ವಾಲಿದ ಮರ ಅಲುಗಿ ಎಲೆ ಉದುರಿಸುತ್ತಿತ್ತು. ಎಲೆಗಳು ಅವಳ ತಲೆಯ ಮೇಲೂ ಬಿದ್ದವು, ಕೆಸರಿನ ಮೇಲೂ ಬಿದ್ದವು. ಹಗ್ಗದಕ್ಕ ನಿಂತಲ್ಲೇ ನಿಂತು ತಾನು ಆ ಮರಕ್ಕೆ ಕಟ್ಟಿದ ಗಂಟನ್ನು ನೋಡುತ್ತಿದ್ದಳು. ಅಷ್ಟು ಭಾರ ಬಿದ್ದರೂ ಅದು ಒಂದು ಎಳೆಯಷ್ಟೂ ಜಾರಲಿಲ್ಲ.