ಕೆಂಪು ರಟ್ಟಿನ ಪುಸ್ತಕ

“ಅಲ್ಲಿಡಬ್ಯಾಡ್ರಿ ದುರ್ಗಪ್ಪಣ್ಣಾರ!” ಮಧುಮತಿ ಕೂಗಿದಳು. ಅಷ್ಟರಲ್ಲಿ ದುರ್ಗಪ್ಪ ಪುಸ್ತಕಗಳ ಕೊನೆಯ ಕಟ್ಟನ್ನೂ ಕಪಾಟಿಗೆ ತುರುಕಿ ಕೈ ಕೊಡವಿಕೊಂಡಿದ್ದ.

ಅಂಬೇವಾಡಿಯ ಆ ಮನೆಯ ಮುಂದಿನ ಕೋಣೆಯೇ ಅವಳ ಗಂಡ ಶಿವಯೋಗಿಯ ಪುಸ್ತಕದಂಗಡಿ. ದಾಂಡೇಲಿ, ಹಳಿಯಾಳದ ಕಾಲೇಜು ಹುಡುಗರಿಗೆ ಹೊಸ, ಹಳೆಯ ಪಠ್ಯಪುಸ್ತಕಗಳೆಲ್ಲ ಅಲ್ಲೇ ಸಿಗುತ್ತಿದ್ದವು. ನಿನ್ನೆ ಸಂಜೆ ಎದೆ ಹಿಡಿದುಕೊಂಡು ಕುಸಿದು ಸತ್ತ ಶಿವಯೋಗಿಯ ದೇಹವನ್ನು ಈಗ ಅದೇ ಕೋಣೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಜಾಗ ಮಾಡಲೆಂದು ನೆರೆಮನೆಯ ದುರ್ಗಪ್ಪ ಪುಸ್ತಕಗಳನ್ನೆಲ್ಲ ಇಳಿಸಿ, ಕಪಾಟು ಸರಿಸಿ, ಮತ್ತೆ ಜೋಡಿಸಿದ್ದ. ಪೇಪರ್ ಮಿಲ್ಲಿನಿಂದ ನಿವೃತ್ತನಾದ ಮನುಷ್ಯ, ಪಾಪ, ಕೆಲಸ ಕಂಡರೆ ಸುಮ್ಮನಿರಲಾರ.

“ಚೆಂದಾಗಿ ಇಟ್ಟೇನ್ರಿ ವೈನಿ. ದಪ್ಪನ್ವು ಮ್ಯಾಲ, ತೆಳ್ಳನ್ವು ಕೆಳಗ.”

ಮಧುಮತಿಗೆ ಗಂಡ ಸತ್ತ ದುಃಖ ಇನ್ನೂ ಪೂರ್ತಿ ಬಂದಿರಲಿಲ್ಲ. ಹೆದರಿಕೆ ಮೊದಲು ಬಂತು.

ಮೈದುನ ಸಿದ್ದಲಿಂಗ ಹತ್ತಿರ ಬಂದ. “ವೈನಿ, ಅಂಗಡಿ ನಿಮ್ಮ ಕೈಲೆ ನಡಿತೈತೇನ್ರಿ? ಇಲ್ಲಂದ್ರ ಬಾಗಲಾ ಹಾಕೂಣು. ಹಳಿಯಾಳಕ್ಕ ನಮ್ಮ ಮನಿಗೆ ಬಂದ್ಬಿಡ್ರಿ.”

“ಇಷ್ಟ ವರ್ಷ ಕುಂತೇನಲ್ಲಪಾ. ನಾನ ನಡಸ್ತೇನಿ.”

*

ಮದುವೆಯಾಗಿ ಬಂದ ಹೊಸತರಲ್ಲೇ ಅವಳು ಗಂಡನಿಗೆ ನಿಜ ಹೇಳಿದ್ದಳು: ತನಗೆ ಓದಲು ಬರುವುದಿಲ್ಲ. ಶಿವಯೋಗಿ ನಗಲಿಲ್ಲ. “ಯಾರ ಮುಂದೂ ಹೇಳಬ್ಯಾಡ. ನಾ ತೋರಸ್ತೇನಿ,” ಎಂದ. ಕಿಟಕಿಯ ಮೂಲೆ ವಾಣಿಜ್ಯ, ಅದರ ಕೆಳಗೆ ಇತಿಹಾಸ, ಬಾಗಿಲ ಹಿಂದೆ ಜೀವಶಾಸ್ತ್ರ. ಅವನು ಮಾಲು ತರಲು ಹುಬ್ಬಳ್ಳಿಗೆ ಹೋದ ದಿನ ಗಿರಾಕಿ ಹೆಸರು ಹೇಳುವಷ್ಟರಲ್ಲಿ ಪುಸ್ತಕ ಮೇಜಿನ ಮೇಲಿರುತ್ತಿತ್ತು. “ಭಾಳ ಓದಿದಾಕಿ ಬಿಡವಾ,” ಎಂದು ಓಣಿಯವರು ಮಾತಾಡಿಕೊಂಡರು. ಅಕ್ಷರ ಕಲಿಸು ಎಂದು ಕೇಳಿದಾಗಲೆಲ್ಲ ಅವನದು ಒಂದೇ ಮಾತು: “ಬರೂ ಬ್ಯಾಸಗಿಗೆ ಕಲಸ್ತೇನಿ.” ಎಷ್ಟು ಬೇಸಗೆ ಬಂದು ಹೋದವೋ!

*

ಮಣ್ಣಿಗೆ ಹೊರಡುವ ಹೊತ್ತಾಯಿತು. ಸಂಸ್ಕಾರ ಮಾಡಿಸಲು ಬಂದಿದ್ದ ಮುದುಕ ಅಡಿವೆಯ್ಯನವರು, “ತಂಗಿ, ದಿನಾ ಮುಂಜಾನೆ ಓದ್ತಿದ್ದನಲ್ಲ, ಆ ವಚನದ ಪುಸ್ತಕ ತಗೋ. ಅವನ ಜೋಡಿ ಕಳಸೂಣು,” ಎಂದರು.

ಕೆಂಪು ರಟ್ಟು, ಸವೆದ ಅಂಚು, ಮೇಲಿನ ಸಾಲಿನ ಎಡತುದಿ. ಎಡತುದಿಯಲ್ಲಿ ಈಗ ಬೇರೇನೋ ಇತ್ತು. ಕೆಂಪು ರಟ್ಟಿನವು ನಾಲ್ಕಾರು ಕಂಡವು. ಹಳೆಯ ಪುಸ್ತಕಗಳಲ್ಲವೇ, ಎಲ್ಲದರ ಅಂಚೂ ಸವೆದಿತ್ತು. ಮೇಲಿನ ಅಕ್ಷರಗಳೆಲ್ಲ ಅವಳಿಗೆ ಒಂದೇ.

“ಸಿಗಲಿಲ್ಲೇನ್ರಿ ವೈನಿ?” ಬೆನ್ನ ಹಿಂದೆಯೇ ಸಿದ್ದಲಿಂಗ.

ಕೈಗೆ ಬಂದದ್ದನ್ನು ಎಳೆದು ಸೆರಗಿನಲ್ಲಿ ಮುಚ್ಚಿಕೊಂಡಳು.

ಸ್ಮಶಾನದಲ್ಲಿ, ಕುಣಿಯೊಳಗೆ ಇಳಿದಿದ್ದ ಅಡಿವೆಯ್ಯನವರಿಗೆ ಅದನ್ನು ಕೊಟ್ಟಳು. ಅವರು ಹೆಸರು ಓದಿ, ಹೊರಳಿಸಿದರು. ಹಿಂದಿನ ರಟ್ಟಿನ ಮೇಲೆ ಒಂದು ಕಪ್ಪೆ, ಹೊಟ್ಟೆ ಸೀಳಿಸಿಕೊಂಡು ಕಾಲು ಚಾಚಿ ಮಲಗಿತ್ತು. ಆ ಕಪ್ಪೆ ಮಧುಮತಿಗೆ ಗೊತ್ತು. ಬಾಗಿಲ ಹಿಂದಿನದು.

ಮುಗೀತು, ಅಂದುಕೊಂಡಳು. ಅಡಿವೆಯ್ಯನವರು ತಲೆಯೆತ್ತಿ ಅವಳ ಮುಖವನ್ನೇ ನೋಡಿದರು.

“ಅದ ಏನ್ರಿ ಅಯ್ಯಾರ?” ಸಿದ್ದಲಿಂಗ ಬಗ್ಗಿದ.

ಅವರ ಅಂಗೈ ಕಪ್ಪೆಯ ಮೇಲೆ ಬಿತ್ತು. “ವಚನದ್ದಪಾ. ಮತ್ತ್ಯಾವುದು?” ಪುಸ್ತಕವನ್ನು ಕುಣಿಯಲ್ಲಿ ಕೂರಿಸಿದ್ದ ಶಿವಯೋಗಿಯ ತೊಡೆಯ ಮೇಲಿಟ್ಟು, ಬಿಲ್ವಪತ್ರೆ ಮುಚ್ಚಿದರು. ಆಮೇಲೆ ಅವಳಿಗಷ್ಟೇ ಕೇಳುವಂತೆ, “ತಂಗಿ, ದಿವಸದ ಕಾರ್ಯ ಮುಗೀಲಿ. ದಿನಾ ಮುಂಜಾನೆ ಪಾಟಿ-ಬಳಪ ತಗೊಂಡು ಅಂಗಡಿಗೆ ಬಂದು ಕುಂದರ್ತೇನಿ,” ಎಂದರು.

ಎಲೆಗಳ ಸಂದಿಯಲ್ಲಿ ಕಪ್ಪೆಯ ಒಂದು ಕಾಲು ಇನ್ನೂ ಕಾಣುತ್ತಿತ್ತು. ಸಿದ್ದಲಿಂಗ ಮತ್ತೆ ಬಗ್ಗುವ ಮೊದಲೇ ಮಧುಮತಿ ಎರಡೂ ಕೈತುಂಬ ಮಣ್ಣು ತೆಗೆದುಕೊಂಡು ಆ ಕಾಲಿನ ಮೇಲೆ ಹಾಕಿದಳು.