ಮುಚ್ಚಳ ತೆಗೆಯುವ ಹೊತ್ತು

ಹೋದ ವರ್ಷ ದುಬೈಯ ಅಲ್ ಕುಸೈಸ್‌ನ ಒಂದು ಮದುವೆಯಲ್ಲಿ ಮಧ್ಯಾಹ್ನ ಬೇಯಿಸಿದ ಕೋಳಿಯನ್ನು ರಾತ್ರಿ ಹತ್ತೂವರೆಗೆ ಬಡಿಸಿದರು. ಉಂಡವರಲ್ಲಿ ಅರ್ಧ ಜನ ಆಸ್ಪತ್ರೆ ಸೇರಿದರು. ಕೊನೆಯಲ್ಲಿ ಅದನ್ನೇ ಉಂಡ ಬಡಿಸುವವರು ಮುಹೈಸ್ನಾದ ಕಾರ್ಮಿಕರ ಕ್ಯಾಂಪಿನ ತಮ್ಮ ಕೋಣೆಗಳಲ್ಲಿ ನರಳಿದರು. ಅವರನ್ನು ಯಾರೂ ವಿಚಾರಿಸಲಿಲ್ಲ.

ಅಂದು ಮದುಮಗಳ ಪಕ್ಕ ನಿಂತಿದ್ದ ಗೆಳತಿ ಡಿಂಪಲ್‌ಗೆ ಈಗ ತನ್ನದೇ ಮದುವೆ. ಅಪ್ಪ ಆಸ್ವಾಲ್ಡ್ ಊಟಕ್ಕೆ ಆರಿಸಿದ್ದು ಅಂದು ಅಡುಗೆ ಮಾಡಿದ್ದ ಅದೇ ನೆವಿಲ್‌ನನ್ನು.

"ನೆವಿಲ್ ಅಂಕಲ್ ಊಟ ಆದ್ರೆ ನನ್ನ ಮದುವೇಲಿ ನಾನು ಉಪವಾಸ, ಡ್ಯಾಡಾ."

"ಎಂತ ಮಾತು ಅದು? ಅವನು ನಮ್ಮವನು. ಒಂದೇ ಊರು, ಒಂದೇ ಇಗರ್ಜಿ. ಅವನ ಕೋಳಿ ಸುಕ್ಕ ಮರ್ತು ಹೋಯ್ತಾ?"

"ಹೇಗೆ ಮರೀಲಿ? ಡ್ರಿಪ್ ಹಾಕಿದ್ದು ನಂಗೇ ಅಲ್ವಾ."

ತಾಯಿ ಜೆಸ್ಸಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಚಾ ಕುಡಿಯಲು ಬಂದಿದ್ದ ಎದುರು ಫ್ಲ್ಯಾಟಿನ ಜುಬೈದ ನಗಲಿಲ್ಲ. ಹೋಟೆಲೊಂದರಲ್ಲಿ ಅಡುಗೆಯ ಶುಚಿತ್ವ ನೋಡಿಕೊಳ್ಳುವುದು ಅವರ ಕೆಲಸ.

"ಪೊರ್ಬುಗಳೇ, ನೆವಿಲ್ ಬೇಯಿಸೋದು ಎಲ್ಲಿ?" ಊರಲ್ಲಿ ಕ್ರೈಸ್ತರನ್ನು ಕರೆಯುವ ಹಾಗೆಯೇ ಆಸ್ವಾಲ್ಡ್‌ರನ್ನು ಕರೆದು ಕೇಳಿದರು.

"ಅಬುಧಾಬಿಯಲ್ಲಿ. ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಒಂದು ವಿಲ್ಲಾದ ಹಿಂದೆ."

"ಲೈಸೆನ್ಸ್ ಉಂಟಾ?"

"ನಮ್ಮವನ ಹತ್ರ ಅದನ್ನೆಲ್ಲ ಕೇಳ್ಲಿಕ್ಕಾಗ್ತದಾ? ಬೇಜಾರು ಮಾಡ್ಕೊಳ್ತಾನೆ."

"ಕಾರು ಓಡಿಸುವವನಿಗೆ ಕೇಳ್ತೀರಿ. ಇಷ್ಟು ಜನರ ಹೊಟ್ಟೆ ತುಂಬಿಸುವವನಿಗೆ ಕೇಳೋದಿಲ್ಲ. ಸರಿ, ದುಬೈವರೆಗೆ ಬಿಸಿ ಇಡುವ ಪೆಟ್ಟಿಗೆಯಾದ್ರೂ ಉಂಟಾ?"

"ಈ ಸೆಕೆಯಲ್ಲಿ ಪೆಟ್ಟಿಗೆ ಯಾಕೆ ಮಾರಾಯ್ರೆ, ವ್ಯಾನೇ ಒಲೆ."

"ಅದೇ ಕಷ್ಟ. ಹಬೆಯಾಡುವಷ್ಟು ಬಿಸಿ ಇರ್ಬೇಕು, ಇಲ್ಲ ಫ್ರಿಜ್ಜಿನಷ್ಟು ತಂಪು. ನಡುವೆ ಬೆಚ್ಚಗೆ ಕೂತ ಕೋಳಿಯಲ್ಲಿ ರೋಗ ಬೆಳೀತದೆ. ಮತ್ತೆ ಖಲಾಸ್."

ಆಸ್ವಾಲ್ಡ್ ಅಲ್ಲೇ ನೆವಿಲ್‌ಗೆ ಫೋನ್ ಮಾಡಿ, ಅಡುಗೆಮನೆ ನೋಡಲು ಬರುತ್ತೇವೆ ಎಂದರು.

"ಅಡುಗೆಮನೆ ಯಾಕೆ? ಸ್ಯಾಂಪಲ್ ಕಳಿಸ್ತೇನೆ, ರುಚಿ ನೋಡಿ."

ಮತ್ತೊಮ್ಮೆ ಕೇಳಿದಾಗ ಫೋನು ಕಟ್ಟಾಯಿತು. 'ನಮ್ಮವನು' ಎಂಬ ಮಾತು ಎಷ್ಟೋ ಕೊಳೆಯನ್ನು ಮುಚ್ಚುವ ದೊಡ್ಡ ಮುಚ್ಚಳ.

ಶನಿವಾರ ಎಲ್ಲರೂ ಜುಬೈದ ಸೂಚಿಸಿದ ಶಾಹುಲ್ ಹಮೀದ್ ಎಂಬ ಕೇಟರಿಂಗ್‌ನವರ ಅಡುಗೆಮನೆಗೆ ಹೋದರು. ಲೈಸೆನ್ಸ್ ಗೋಡೆಯ ಮೇಲೇ ಇತ್ತು. ಎಲ್ಲ ತೋರಿಸಿದ ಮೇಲೆ ಶಾಹುಲ್ ತಾವೇ ಒಂದು ಪ್ರಶ್ನೆ ಕೇಳಿದರು. "ಊಟ ಎಷ್ಟು ಹೊತ್ತಿಗೆ?"

"ಟೋಸ್ಟ್ ಭಾಷಣ, ಡಾನ್ಸ್, ಗ್ರ್ಯಾಂಡ್ ಮಾರ್ಚ್, ಎಲ್ಲ ಮುಗಿದ ಮೇಲೆ," ಎಂದರು ಆಸ್ವಾಲ್ಡ್. "ಮೈಕ್ ಹಿಡಿಯೋದು ನನ್ನ ಅಣ್ಣನ ಮಗ ಫ್ಲಾಯ್ಡ್. ಅವನು ಬಿಟ್ಟಾಗ ಊಟ."

"ಹಾಗಾದ್ರೆ ನಾನಿಲ್ಲ. ಒಂಬತ್ತಕ್ಕೆ ಮುಚ್ಚಳ ತೆಗೀಬೇಕು. ಬಡಿಸುವವರಿಗೆ ಅದಕ್ಕೂ ಮೊದಲೇ ಊಟ. ಎರಡೂ ಒಪ್ಪಂದದಲ್ಲಿ ಬರೀಬೇಕು."

ಆಸ್ವಾಲ್ಡ್ ಮಗಳ ಮುಖ ನೋಡಿದರು. ಬರೆಸಿದರು.

ಅಕ್ಕಂದಿರೇ, ಅಣ್ಣಂದಿರೇ, ಮದುವೆಯ ಊಟ ಬುಕ್ ಮಾಡುವ ಮುಂಚೆ ರುಚಿ ಮಾತ್ರ ನೋಡಬೇಡಿ, ಅಡುಗೆಮನೆ ನೋಡಿ. ಲೈಸೆನ್ಸ್ ಕೇಳಿ. ಯಾವಾಗ ಬೇಯಿಸುತ್ತೀರಿ, ಹೇಗೆ ತರುತ್ತೀರಿ, ನಿಮ್ಮ ಕೆಲಸದವರು ಯಾವಾಗ ಉಣ್ಣುತ್ತಾರೆ ಎಂದು ಕೇಳಿ, ಉತ್ತರ ಬರೆಸಿಕೊಳ್ಳಿ. ಕೇಳಿದರೆ ಸಂಬಂಧ ಕೆಡುತ್ತದಂತೆ. ಕೇಳದೆ ಕೆಟ್ಟ ಹೊಟ್ಟೆಗಳನ್ನು ನಾವು ನೋಡಿದ್ದೇವೆ.

ಮದುವೆಯ ದಿನ ಗಂಟೆ ಒಂಬತ್ತಾಯಿತು. ಬಡಿಸುವವರು ಉಂಡು ಸಿದ್ಧರಾಗಿದ್ದರು. ಫ್ಲಾಯ್ಡ್ ಮೈಕಿನಲ್ಲಿ ಚಿಕ್ಕಪ್ಪನನ್ನು ಕೂಗಿದ: "ಈಗ ಗ್ರ್ಯಾಂಡ್ ಮಾರ್ಚ್. ಬಾಪ್ಪು, ನೀವೇ ಮುಂದೆ."

ಆಸ್ವಾಲ್ಡ್ ಜೆಸ್ಸಿಯ ಕೈ ಹಿಡಿದರು, ಜೆಸ್ಸಿ ಡಿಂಪಲ್‌ಳದು, ಡಿಂಪಲ್ ಮದುಮಗನದು. ಬ್ಯಾಂಡಿನ ತಾಳಕ್ಕೆ ಇಡೀ ಹಾಲ್ ಸಾಲಾಗಿ ಹಿಂದೆ ಹೊರಟಿತು.

"ಎಡಕ್ಕೆ ಬಾಪ್ಪು, ಸ್ಟೇಜ್ ಎಡಕ್ಕೆ."

ಆಸ್ವಾಲ್ಡ್ ಬಲಕ್ಕೆ ತಿರುಗಿದರು. ನೇರ ಊಟದ ಮೇಜಿಗೆ ಹೋಗಿ ಮುಚ್ಚಳ ತೆಗೆದರು. ಹಬೆ ಎದ್ದಿತು.

"ಇನ್ನೂ ಮೂರು ಹಾಡು ಉಂಟು ಬಾಪ್ಪು, ಮುಚ್ಚಿ."

"ಮುಚ್ಚೋದಿಲ್ಲ," ಎಂದು ಆಸ್ವಾಲ್ಡ್ ಮೊದಲ ತಟ್ಟೆಯನ್ನು ಮಗಳ ಕೈಗೆ ಕೊಟ್ಟರು.