ಇಳಿಯುವ ನೀರು, ಏರಿಸುವ ನೀರು

ಬೆಟ್ಟದ ಮೇಲಿನ ಕೆರೆಯಿಂದ ಊರಿಗೆ ನೀರು ತಾನಾಗಿಯೇ ಇಳಿದು ಬರುವುದೋ, ಈಗಿನಂತೆ ಹೊಳೆಯಿಂದ ಪಂಪ್ ಮಾಡಿ ಏರಿಸುವುದೋ, ಯಾವುದು ಅಗ್ಗ? ಹೋಲಿಸಿ ವರದಿ ಕೊಡುವ ಕೆಲಸ ನೀರು ಸರಬರಾಜು ಕಚೇರಿಯ ಎಂಜಿನಿಯರಾದ ನನ್ನ ತಲೆಗೆ ಬಿತ್ತು. ಕೆರೆಯಿಂದ ಪೈಪ್ ತರಲು ಹನ್ನೊಂದು ಕಿಲೋಮೀಟರ್ ಅಗೆಯಬೇಕು, ಮೊದಲ ಖರ್ಚು ಎರಡರಷ್ಟು. ಆಮೇಲೆ ಕರೆಂಟ್ ಬೇಡ, ಮೋಟಾರ್ ಬೇಡ, ಮೋಟಾರ್ ಕಾಯುವ ಮನುಷ್ಯನೂ ಬೇಡ. ಮೂವತ್ತು ವರ್ಷಕ್ಕೆ ಹಿಡಿದರೆ ಇಳಿಯುವ ನೀರೇ ಅಗ್ಗ. ಇಷ್ಟು ಹೇಳಲು ಎಂಜಿನಿಯರೇ ಬೇಕಿರಲಿಲ್ಲ.

ಆದರೆ ಆ ಬೇಡದ ಮನುಷ್ಯ ನನ್ನ ಅಣ್ಣ. ಅಪ್ಪ ಸತ್ತಾಗ ಹದಿನೆಂಟಕ್ಕೇ ಪಂಪ್ ಮನೆ ಸೇರಿ ನನ್ನನ್ನು ಓದಿಸಿದವನು. ನನ್ನ ಮದುವೆಗೂ ಅರ್ಧ ಗಂಟೆ ಬಂದು, ಟ್ಯಾಂಕ್ ತುಂಬುತ್ತದೆಂದು ಓಡಿದ್ದ. ಅವನ ಹೊಟ್ಟೆಯ ಮೇಲೆ ನಾನೇ ಹೊಡೆಯುವುದೇ?

"ಲೆಕ್ಕ ಆಯ್ತಾ ಪುಟ್ಟಿ? ಯಾವುದು ಅಗ್ಗ ಬರ್ತಿದೆ?" ದಿನಾ ಫೋನ್ ಮಾಡುತ್ತಿದ್ದ. ಪಾಪ, ಹೆದರಿದ್ದಾನೆ ಎಂದುಕೊಂಡೆ.

ಹತ್ತು ವರ್ಷಕ್ಕೊಮ್ಮೆ ಪಂಪ್ ಬದಲಿಸುವ ಖರ್ಚನ್ನು ಕೈಬಿಟ್ಟೆ. ಕರೆಂಟ್ ದರ ಏರುವುದೇ ಇಲ್ಲ ಎಂದು ಹಿಡಿದೆ. ಪಂಪ್ ಗೆದ್ದಿತು. ನಮ್ಮ ಸಾಹೇಬರು ಕೊನೆಯ ಹಾಳೆ ಮಾತ್ರ ನೋಡಿ ಸಹಿ ಹಾಕಿದರು, ವರದಿ ಮೇಲಿನ ಕಚೇರಿಗೆ ಹೋಯಿತು.

ಮಧ್ಯಾಹ್ನವೇ ಪಂಪ್ ಮನೆಗೆ ಹೋದೆ. ಒಂದು ಕುರ್ಚಿ, ಒಂದು ಕಿಟಕಿ. ತಲೆ ಒರಗಿಸಿ ಒರಗಿಸಿ ಕುರ್ಚಿಯ ಹಿಂದಿನ ಗೋಡೆ ಕಪ್ಪಾಗಿತ್ತು.

"ಅಣ್ಣಾ, ಪಂಪೇ ಗೆಲ್ತು! ನಿನ್ನ ಕೆಲಸ ಎಲ್ಲಿಗೂ ಹೋಗಲ್ಲ!" ಮೋಟಾರಿನ ಸದ್ದನ್ನೂ ಮೀರಿ ಕೂಗಿದೆ.

ಅವನು ಮೋಟಾರ್ ನಿಲ್ಲಿಸಿದ. "ಇನ್ನೊಂದ್ಸಲ ಹೇಳು."

ಹೇಳಿದೆ. ಅವನ ಮುಖ ಸಣ್ಣದಾಯಿತು.

"ಪಂಪ್ ಮುಚ್ಚಿದ್ರೆ ಮೀಟರ್ ಓದೋಕೆ ಹಾಕ್ತೀವಿ ಅಂದಿದ್ರು. ಇದೇ ಸಂಬಳ. ಊರೆಲ್ಲ ಓಡಾಡೋ ಕೆಲಸ," ಎಂದ. "ಹೊಸ ಚಪ್ಪಲೀನೂ ತಗೊಂಡಿದ್ದೆ."

"ಮೊದಲೇ ಬಾಯಿ ಬಿಡೋಕೆ ಏನಾಗಿತ್ತೋ ನಿನಗೆ?"

"ಹೇಳಿದ್ರೆ ನನಗೋಸ್ಕರ ಲೆಕ್ಕ ತಿರುಚ್ತೀಯ ಅಂತ ಸುಮ್ಮನಿದ್ದೆ ಕಣೇ. ನಿನ್ನ ಕೆಲಸಕ್ಕೆ ಕುತ್ತು ಬರಬಾರದಲ್ಲ."

ವರದಿ ವಾಪಸ್ ಕೇಳಿದರೆ ಸುಳ್ಳು ಬಯಲಾಗುತ್ತದೆ, ನನ್ನ ಕೆಲಸ ಹೋಗುತ್ತದೆ. ಕೇಳದಿದ್ದರೆ ಅಣ್ಣ ಇಲ್ಲೇ. ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಂತಾಯಿತು ನನ್ನ ಪಾಡು. ನಾಚಿಕೆಯಿಂದ ಅಳು ಬಂತು. ಲೆಕ್ಕ ತಿರುಚಿದ್ದು ಅವನಿಗೆ ಅರ್ಥವಾಯಿತು.

"ಎಷ್ಟು ವರ್ಷಕ್ಕೆ ಲೆಕ್ಕ ಬರೆದಿದ್ದೀಯ?"

"ಮೂವತ್ತು."

"ಅಷ್ಟಕ್ಕೆಲ್ಲ ಅಳ್ತಾರಾ? ನಾನು ರಿಟೈರ್ ಆಗೋಕೆ ಉಳಿದಿರೋದು ಹದಿನೆಂಟೇ," ಎಂದು ಮತ್ತೆ ಮೋಟಾರ್ ಹಾಕಿದ.